‘ನನ್ನದು’ ಎಂಬ ಮೂರಕ್ಷರ

ಮಾತು ಕಲಿಯುತ್ತಿರುವ ಮಗುವಿಗೆ ‘ಅಮ್ಮ’, ‘ಅಪ್ಪ’ಗಳ ಬೆನ್ನಿಗೇ ಬರುವ ಮಾತು ‘ನಂದು’. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಮನೆಯ ಕೂಸು ಬಂದು ಗಿಲಕಿಯನ್ನು ಮುಟ್ಟಿದರೆ ಸಾಕು, ಆ ವಿದ್ಯೆ ತಾನಾಗಿ ಬರುತ್ತದೆ. ಮುಂದೆ ಆ ಮಗು ಬೆಳೆದು ಎಷ್ಟೇ ಶಾಸ್ತ್ರಗಳನ್ನು ಓದಿದರೂ ಆ ಮೂರಕ್ಷರದ ಅರ್ಥ ಹೆಚ್ಚು ತಿಳಿಯಾಗುತ್ತದೆಂಬ ಭರವಸೆಯೇನೂ ಇಲ್ಲ. ತಾತ ಹೂಡಿದ ದಾವೆಗೆ ಮೊಮ್ಮಗ ತೀರ್ಪು ಕೇಳುವ ನಮ್ಮ ನ್ಯಾಯಾಲಯಗಳೇ ಇದಕ್ಕೆ ಸಾಕ್ಷಿ.

ಈಚಿನ ವರ್ಷಗಳಲ್ಲಿ ಈ ಮಾತು ಹೊಲ, ಮನೆ, ಒಡವೆಗಳನ್ನು ದಾಟಿ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಒಂದು ವಸ್ತುವಿನ ಬೆನ್ನು ಹತ್ತಿದೆ. ಅದಕ್ಕೆ ಪಂಡಿತರು ಇಟ್ಟ ಹೆಸರು ದತ್ತಾಂಶ. ಮನುಷ್ಯ ಮೊಬೈಲಿನಲ್ಲಿ ಬರೆದದ್ದು, ತೆಗೆದ ಚಿತ್ರ, ಮೆಚ್ಚಿದ್ದು, ಬೈದದ್ದು, ಯಾವ ಹೊತ್ತಿನಲ್ಲಿ ಎಲ್ಲಿದ್ದನೆಂಬುದು, ಯಾರೊಡನೆ ಸ್ನೇಹವೆಂಬುದು, ಎಲ್ಲವೂ ಅದರಲ್ಲಿ ಅಡಕ. ದೊಡ್ಡ ಕಂಪನಿಗಳ ಉಗ್ರಾಣಗಳಲ್ಲಿ ಇದೆಲ್ಲವೂ ತುಂಬಿಕೊಂಡಿರುವುದನ್ನು ಕಂಡು ಬೇಸತ್ತ ಕೆಲವರು ಬೇರೊಂದು ಬಗೆಯ ಸಾಮಾಜಿಕ ಜಾಲವನ್ನು ಕಟ್ಟಿದ್ದಾರೆ. ಅದಕ್ಕೆ ಒಬ್ಬ ದಣಿಯಿಲ್ಲ, ಒಂದೇ ಉಗ್ರಾಣವಿಲ್ಲ. ಅದರ ಬಾಗಿಲಲ್ಲಿ ಬರೆದಿರುವ ವಾಗ್ದಾನ ಇಷ್ಟೆ: ನಿಮ್ಮ ದತ್ತಾಂಶ ನಿಮ್ಮದೇ.

ಕೇಳಲು ಹಿತವಾದ ಮಾತು. ಆದರೆ ‘ನಿಮ್ಮದೇ’ ಎಂದರೆ ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಹೋಗಿ, ಅಲ್ಲಿಂದ ನಾಯಕನಹಟ್ಟಿಯ ಕಡೆಗೆ ಮುಖ ಮಾಡಿದರೆ ಸಾಕು. ಅಲ್ಲಿ ವರವು ಕಾವಲ್ ಎಂಬ ಬಯಲುಂಟು.

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಅದೂ ಒಂದು. ಹೊಸಬನ ಕಣ್ಣಿಗೆ ಅದು ಬರಿಯ ಬೀಳು. ಕುರುಚಲು ಗಿಡ, ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ದೂರದಲ್ಲಿ ಚಂಗನೆ ನೆಗೆದು ಮರೆಯಾಗುವ ಕೃಷ್ಣಮೃಗ. ಆದರೆ ಕುರಿ, ದನ ಕಟ್ಟಿಕೊಂಡವನ ಕಣ್ಣಿಗೆ ಅದು ತುಂಬಿದ ಕಣಜ. ಮಳೆಯ ಹನಿ ನಾಲ್ಕು ಬಿದ್ದರೆ ಅಲ್ಲಿ ಏಳುವ ಹುಲ್ಲಿನ ಮೇಲೆ ಸುತ್ತಲಿನ ಹತ್ತಾರು ಹಳ್ಳಿಗಳ ಬದುಕು ನಿಂತಿತ್ತು. ಆ ಕುರಿಗಳ ಉಣ್ಣೆಯಿಂದಲೇ ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದು.

ಈ ಬಯಲು ಅಮೃತ ಮಹಲ್ ಕಾವಲುಗಳಲ್ಲಿ ಒಂದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ 1672ರಿಂದ 1704ರವರೆಗಿನ ಆಳ್ವಿಕೆಯಲ್ಲಿ, ಅರಮನೆಯ ಹಿಂಡುಗಳನ್ನು ನೋಡಿಕೊಳ್ಳಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೈದರನ ದಂಡಿನ ತೋಪುಗಳನ್ನೆಳೆದ ಎತ್ತುಗಳು ಈ ತಳಿಯವು. ಟಿಪ್ಪು ಆ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. 1799ರ ಬಳಿಕ ಅದು ಇಂಗ್ಲಿಷರ ಕೈಸೇರಿತು. ಅವರು 1860ರಲ್ಲಿ ಮಿತವ್ಯಯದ ನೆವದಿಂದ ಹಿಂಡುಗಳನ್ನು ಮಾರಿಬಿಟ್ಟರು. ಒಳ್ಳೆಯ ಎತ್ತುಗಳು ಸಿಕ್ಕದಂತಾದ ಮೇಲೆ 1866ರಲ್ಲಿ ಮತ್ತೆ ಇಲಾಖೆಯನ್ನು ಕಟ್ಟಬೇಕಾಯಿತು. ಒಂದು ಕಾಲಕ್ಕೆ ಇಂಥ ಕಾವಲುಗಳ ವಿಸ್ತಾರ 4 ಲಕ್ಷ ಎಕರೆಗೂ ಮೀರಿತ್ತು. ಅವುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ವಿಂಗಡಿಸಿದ್ದರು. ಹಿಂಡು ಒಂದೆಡೆ ನಿಲ್ಲುತ್ತಿರಲಿಲ್ಲ. ಋತು ಬದಲಾದಂತೆ ನೆಲ ಬದಲಾಯಿಸುತ್ತಿತ್ತು. ಹುಲ್ಲು ಉಳಿದದ್ದೂ, ಹಿಂಡು ಉಳಿದದ್ದೂ ಈ ನಡಿಗೆಯಿಂದಲೇ.

ಈ ನೆಲ ಯಾರದು? ಕಾಗದದ ಮೇಲೆ ಅದು ಅರಸನದು, ಅನಂತರ ಸರ್ಕಾರದ್ದು. ಅಂಚಿನ ಹಳ್ಳಿಯವರಲ್ಲಿ ಒಬ್ಬನ ಹೆಸರೂ ಪಹಣಿಯಲ್ಲಿ ಇರಲಿಲ್ಲ. ಹಾಗಿದ್ದೂ ‘ನಮ್ಮ ಕಾವಲು’ ಎಂದೇ ಅವರು ಹೇಳುತ್ತಿದ್ದರು, ಹಾಗೆ ಹೇಳುವುದರಲ್ಲಿ ಸುಳ್ಳೂ ಇರಲಿಲ್ಲ. ಎಲ್ಲಿ ಹೊಂಡವಿದೆ, ಯಾವ ಮಗ್ಗುಲಲ್ಲಿ ಹುಲ್ಲು ಮೊದಲು ಒಣಗುತ್ತದೆ, ಎಲ್ಲಿ ಮೇಯಿಸಬಾರದು ಎಂಬುದನ್ನು ಅವರು ತಲೆಮಾರುಗಳಿಂದ ಬಲ್ಲರು. ಅಳೆದವನದು ಒಂದು ಒಡೆತನವಾದರೆ ಅರಿತವನದು ಮತ್ತೊಂದು.

2007ರಿಂದ 2010ರ ನಡುವಿನ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಈ ಕಾವಲುಗಳಿಂದ ಸುಮಾರು 10,000 ಎಕರೆ ನೆಲವನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಮಂಜೂರು ಮಾಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ. ಅಲ್ಲಿ ಕಟ್ಟಿದ ವಿಮಾನ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಆಕಾಶಕ್ಕೆ ಹೋಗಿ ಮರಳಿ ನೆಲಕ್ಕಿಳಿಯಬಲ್ಲ ವಾಹನದ ಇಳಿಕೆಯ ಪ್ರಯೋಗವನ್ನು ಇಸ್ರೋ ಸಂಸ್ಥೆ 2023ರ ಏಪ್ರಿಲ್ 2ರಂದು ನಡೆಸಿ ಗೆದ್ದದ್ದು ಇದೇ ಕೇಂದ್ರದ ಓಡುದಾರಿಯಲ್ಲಿ. ದೇಶಕ್ಕೆ ಇದು ಹೆಮ್ಮೆಯ ಸಂಗತಿ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಹಳ್ಳಿಗಳವರ ದೂರು ವಿಜ್ಞಾನದ ಮೇಲಲ್ಲ. ಬಯಲಿನ ಭವಿಷ್ಯ ಕಚೇರಿಯಲ್ಲಿ ನಿಶ್ಚಯವಾದಾಗ ತಮ್ಮನ್ನು ಕೇಳಲಿಲ್ಲ, ಗೋಡೆ ಎದ್ದಾಗಲೇ ತಮಗೆ ತಿಳಿದದ್ದು ಎಂಬುದು ಅವರ ಅಳಲು. ಸಭೆಗಳು ನಡೆದವು, ಮುಷ್ಕರಗಳಾದವು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2014ರಲ್ಲಿ ಮಂಡಳಿ ತನ್ನ ಆದೇಶವನ್ನೂ ಕೊಟ್ಟಿತು. ಗೋಡೆಗಳು ಉಳಿದವು. ಆ ಎತ್ತರದ ಗೋಡೆಯ ಹೊರಗೆ ನಿಂತ ಕುರಿಗೆ ಒಳಗಿನ ಹುಲ್ಲು ಕಾಣುವುದೂ ಇಲ್ಲ.

ಈ ಕತೆಯಲ್ಲಿ ಗಮನಿಸಬೇಕಾದದ್ದು ಒಂದು. ಆ ಜನ ಕಳೆದುಕೊಂಡದ್ದು ಪಹಣಿಯಲ್ಲಿದ್ದ ಒಡೆತನವನ್ನಲ್ಲ, ಅದು ಅವರಿಗೆ ಎಂದೂ ಇರಲಿಲ್ಲ. ಅವರು ಕಳೆದುಕೊಂಡದ್ದು ಮೂರು ಸಂಗತಿಗಳನ್ನು: ಒಳಗೆ ಹೋಗಿಬರುವ ದಾರಿ, ಮುಂಚಿತವಾಗಿ ತಿಳಿಯುವ ಹಕ್ಕು, ತೀರ್ಮಾನದಲ್ಲಿ ಒಂದು ಮಾತು. ‘ನನ್ನದು’ ಎಂಬ ಪದವನ್ನು ಬಿಚ್ಚಿ ನೋಡಿದರೆ ಒಳಗೆ ಸಿಕ್ಕುವುದು ಈ ಮೂರೇ.

ಈಗ ಆ ಕಾವಲಿನಂಚಿನ ಹಳ್ಳಿಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಬಹುದು. ಚಳ್ಳಕೆರೆಯ ಕಾಲೇಜಿನಲ್ಲಿ ಓದುತ್ತಾನೆ. ಕೈಯಲ್ಲಿ ಮೊಬೈಲ್ ಇದೆ. ದನದ ಹಿಂಡಿನ ಚಿತ್ರ ತೆಗೆಯುತ್ತಾನೆ. ತಾತ ಹಾಡುವ ಹಾಡನ್ನು ಹಿಡಿದಿಡುತ್ತಾನೆ. ಮಳೆಯ ಸುದ್ದಿ, ಶೇಂಗಾದ ಧಾರಣೆ ಬರೆಯುತ್ತಾನೆ. ನಾಲ್ಕು ವರ್ಷಗಳಲ್ಲಿ ಅವನ ಬರಹಕ್ಕೆ ಕಾಯುವ ಸಾವಿರ ಜನ ಸೇರಿದ್ದಾರೆ. ಒಂದು ದಿನ ಆ ಜಾಲದ ಕಂಪನಿಯೇ ಮುಚ್ಚಿಹೋಗುತ್ತದೆ.

ಇದು ಕೇವಲ ಕಲ್ಪನೆಯಲ್ಲ. 2004ರಲ್ಲಿ ಹುಟ್ಟಿ ಭಾರತದಲ್ಲಿ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಬೆಂಗಳೂರಿನಲ್ಲೇ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಬಾಯಿಬಿಟ್ಟ ‘ಕೂ’ ಎಂಬ ಹಳದಿ ಹಕ್ಕಿಯ ಕತೆ ಇನ್ನೂ ಹತ್ತಿರದ್ದು. ಮಂತ್ರಿಗಳು, ಸಿನಿಮಾ ನಟರು, ಕವಿಗಳು, ಕಾಲೇಜಿನ ಹುಡುಗರು ಎಲ್ಲರೂ ಅಲ್ಲಿ ಬರೆದರು. 2024ರ ಜುಲೈನಲ್ಲಿ ಹಕ್ಕಿ ಹಾರಿಹೋಯಿತು. ಸಂಸ್ಥೆ ದುಡ್ಡಿಲ್ಲದೆ ನಿಂತದ್ದು ಯಾರ ದ್ರೋಹವೂ ಅಲ್ಲ. ವ್ಯಾಪಾರದಲ್ಲಿ ಅದು ನಡೆಯುವುದೇ. ಆದರೂ ಅಲ್ಲಿ ಬರೆದವರಿಗೆ ಒಂದು ಸಂಗತಿ ಮನವರಿಕೆಯಾಯಿತು: ಬರಹ ತಮ್ಮದಾಗಿತ್ತು, ಬರೆದ ಗೋಡೆ ತಮ್ಮದಾಗಿರಲಿಲ್ಲ.

ಅಂಗಡಿ ಮುಚ್ಚದೆಯೂ ಇಂಥದು ಆಗಬಹುದು. 2019ರ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಆ ಕಂಪನಿ ತಡೆಹಿಡಿಯಿತು. ಅದನ್ನು ಪ್ರತಿಭಟಿಸಿ ಭಾರತದ ಅನೇಕರು ಆಗ ಮ್ಯಾಸ್ಟೊಡಾನ್ ಎಂಬ ಹೊಸ ಜಾಲಕ್ಕೆ ಗುಳೆ ಹೊರಟರು.

ಮ್ಯಾಸ್ಟೊಡಾನನ್ನು ಜರ್ಮನಿಯ ಯುವಕ ಯೂಜೆನ್ ರೋಖ್ಕೊ 2016ರಲ್ಲಿ ಹೊರತಂದ. ಅದರ ವ್ಯವಸ್ಥೆಯನ್ನು ಕಾವಲಿನ ಭಾಷೆಯಲ್ಲಿ ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ಒಂದೇ ದೊಡ್ಡ ಬಯಲಿನ ಬದಲು ಸಾವಿರಾರು ಸಣ್ಣ ಕಾವಲುಗಳಿವೆ. ಪ್ರತಿಯೊಂದೂ ಒಂದು ಸರ್ವರ್, ಎಂದರೆ ಎಲ್ಲೋ ಒಂದು ಕಡೆ ಹಗಲಿರುಳು ಉರಿಯುವ ಒಂದು ಕಂಪ್ಯೂಟರ್. ಅದನ್ನು ನೋಡಿಕೊಳ್ಳುವವನು ಒಬ್ಬ ಉತ್ಸಾಹಿಯಾಗಿರಬಹುದು, ಒಂದು ವಿಶ್ವವಿದ್ಯಾಲಯವಾಗಿರಬಹುದು, ಒಂದು ಸಂಘವಾಗಿರಬಹುದು. ಒಂದು ಕಾವಲಿನವನು ಇನ್ನೊಂದರವನೊಡನೆ ಮಾತನಾಡಬಹುದು. ಅದಕ್ಕೆ ಬೇಕಾದ ಸಮಾನ ನಿಯಮಾವಳಿಯ ಹೆಸರು ಆಕ್ಟಿವಿಟಿಪಬ್. ಜಾಲದ ಮಾನಕಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು 2018ರ ಜನವರಿಯಲ್ಲಿ ಅಂಗೀಕರಿಸಿತು. ಒಂದು ಕಾವಲು ಸರಿಬರದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಬಯಲು ಯಾರ ಅಪ್ಪನ ಸ್ವತ್ತೂ ಅಲ್ಲ.

ನಮ್ಮ ಹುಡುಗ ಈ ಸುದ್ದಿಯನ್ನು ಉತ್ಸಾಹದಿಂದ ಮನೆಯಲ್ಲಿ ಹೇಳುತ್ತಾನೆ ಎಂದಿಟ್ಟುಕೊಳ್ಳೋಣ. ತಾತ ಬೀಡಿ ಆರಿಸಿ ಕೇಳುತ್ತಾನೆ:

“ಬರ್ದಿದ್ದೆಲ್ಲ ನಿಂದೇ ಅಂತಾರೇನ್ಲಾ? ಹಂಗಾದ್ರೆ ಪಹಣಿ ಯಾರ ಹೆಸರ್ನಾಗೈತೆ?”

“ಪಹಣಿ ಇಲ್ಲ ತಾತ. ಪಾಸ್‌ವರ್ಡ್ ಐತೆ.”

“ಅಂದ್ರೆ ಬೀಗದಕೈ ನಿನ್ತಾವ ಐತೆ. ಮನೆ ಯಾರ್ದು?”

ಹುಡುಗ ಸುಮ್ಮನಾಗುತ್ತಾನೆ. ಕಾಗದ ಒಬ್ಬರ ಕೈಲಿದ್ದು ನೆಲ ಇನ್ನೊಬ್ಬರ ಪಾಲಾದದ್ದನ್ನು ಕಣ್ಣಾರೆ ಕಂಡ ಮುದುಕನ ಪ್ರಶ್ನೆ ಅದು. ಇಂಜಿನಿಯರುಗಳೂ ಅದಕ್ಕೆ ಸಲೀಸಾಗಿ ಉತ್ತರ ಹೇಳಲಾರರು.

ಮನೆ ಯಾರದು ಎಂದರೆ ಸರ್ವರನ್ನು ನಡೆಸುವವನದು. ಹುಡುಗನ ಬರಹ, ಚಿತ್ರ ಎಲ್ಲವೂ ಇರುವುದು ಅವನ ಕಂಪ್ಯೂಟರಿನಲ್ಲಿ. ಇಬ್ಬರೇ ಆಡಿಕೊಂಡ ಗುಟ್ಟಿನ ಮಾತುಗಳನ್ನು ಸಹ ಅವನು ಮನಸ್ಸು ಮಾಡಿದರೆ ಓದಬಲ್ಲ. ಮ್ಯಾಸ್ಟೊಡಾನಿನಲ್ಲಿ ಅವುಗಳಿಗೆ ಗೂಢಲಿಪಿಯ ರಕ್ಷಣೆಯಿಲ್ಲ. ಅವನು ಸಜ್ಜನನಾಗಿರಬಹುದು, ಬಹುಮಟ್ಟಿಗೆ ಆಗಿರುತ್ತಾನೆ. ಆದರೆ ಸಜ್ಜನನಿಗೂ ಕಾಯಿಲೆ ಬರುತ್ತದೆ, ಸಂಸಾರವಿರುತ್ತದೆ. 2022ರ ಅಕ್ಟೋಬರಿನಲ್ಲಿ ಹೆಸರಾಂತ ಸರ್ವರೊಂದನ್ನು ಅದರ ಪಾಲಕ ತನ್ನ ಕುಟುಂಬದ ಸಂಕಷ್ಟದಿಂದಾಗಿ ಮುಚ್ಚಬೇಕಾಗಿ ಬಂತು. 2024ರ ಫೆಬ್ರುವರಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಒಂದು ಸರ್ವರಿನ ಜಾಲವಿಳಾಸ ಅಫ್ಘಾನಿಸ್ತಾನಕ್ಕೆ ಮೀಸಲಾದ ಅಕ್ಷರಗಳಲ್ಲಿ ಕೊನೆಗೊಳ್ಳುತ್ತಿತ್ತು. ಅಲ್ಲಿಯ ತಾಲಿಬಾನ್ ಆಡಳಿತ ಆ ವಿಳಾಸವನ್ನು ರದ್ದುಮಾಡಿತು, ಸರ್ವರ್ ಮೂಕವಾಯಿತು. ಕಂಪ್ಯೂಟರ್ ಸ್ವಂತದ್ದಾದರೂ ಮನೆಯ ಹೆಸರು ಬಾಡಿಗೆಯದಾಗಿತ್ತು.

ಇನ್ನು ಹೋಗಿಬರುವ ದಾರಿಯ ಮಾತು. ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊರಟವನು ಮ್ಯಾಸ್ಟೊಡಾನಿನಲ್ಲಿ ತನ್ನ ಹಿಂದೆ ಬರುವ ಜನರನ್ನು ಕರೆದೊಯ್ಯಬಹುದು. ದೊಡ್ಡ ಕಂಪನಿಗಳ ಜಾಲದಲ್ಲಿ ಇದು ಸಾಧ್ಯವಿಲ್ಲ. ಆದುದರಿಂದ ಇದು ಸಣ್ಣ ಸೌಲಭ್ಯವಲ್ಲ. ಆದರೆ ಹಳೆಯ ಬರಹಗಳು ಜೊತೆಗೆ ಬರುವುದಿಲ್ಲ. ಅವುಗಳ ಒಂದು ಪ್ರತಿಯನ್ನು ಗಂಟುಕಟ್ಟಿ ಇಳಿಸಿಕೊಳ್ಳಬಹುದು, ಹೊಸ ಮನೆಯ ಗೋಡೆಗೆ ಅಂಟಿಸಲಾಗದು. ಹಿಂಡು ಬಂತು, ಕೊಟ್ಟಿಗೆ ಬರಲಿಲ್ಲ ಎಂದಂತೆ. ಮೇಲಾಗಿ ಹಳೆಯ ಸರ್ವರ್ ಜೀವಂತವಾಗಿರುವಾಗಲೇ ಹೊರಡಬೇಕು. ಆದುದರಿಂದಲೇ ಮ್ಯಾಸ್ಟೊಡಾನಿನವರು ತಮ್ಮ ಪಟ್ಟಿಯಲ್ಲಿ ಸೇರುವ ಸರ್ವರುಗಳಿಂದ ಒಂದು ಮಾತು ತೆಗೆದುಕೊಳ್ಳುತ್ತಾರೆ: ಮುಚ್ಚುವುದಾದರೆ ಕನಿಷ್ಠ 3 ತಿಂಗಳು ಮೊದಲೇ ತಿಳಿಸಬೇಕು. ವರವು ಕಾವಲಿನ ಜನ ಕೇಳಿದ್ದೂ ಇಂಥದೇ ಒಂದು ಸೂಚನೆಯನ್ನಲ್ಲವೇ?

2024ರ ಫೆಬ್ರುವರಿಯಲ್ಲಿ ಸರ್ವರಿಗೂ ಬಾಗಿಲು ತೆರೆದ ಬ್ಲೂಸ್ಕೈ ಜಾಲ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಒಬ್ಬನ ಬರಹವೆಲ್ಲ ಅವನ ಸ್ವಂತ ಪೆಟ್ಟಿಗೆಯಲ್ಲಿ, ಅವನ ಹೆಸರಿನ ಮುದ್ರೆಯೊಡನೆ ಕೂಡುತ್ತದೆ. ಪೆಟ್ಟಿಗೆಯನ್ನೇ ಹೊತ್ತು ಬೇರೆಡೆಗೆ ಹೋಗಬಹುದು. ಆದರೆ ಬಹುಪಾಲು ಜನರ ಪೆಟ್ಟಿಗೆಗಳು ಇಂದಿಗೂ ಆ ಕಂಪನಿಯ ಉಗ್ರಾಣದಲ್ಲೇ ಇವೆ. ಮುದ್ರೆಯ ಕೀಲಿಯೂ ಅಲ್ಲಿಯೇ. ಹೋಗುವ ಹಕ್ಕಿರುವುದು ಬೇರೆ, ಹೋಗುವ ಶಕ್ತಿಯಿರುವುದು ಬೇರೆ.

ಮೂರನೆಯದು ಅಳಿಸುವ ಮಾತು. ತನ್ನದನ್ನು ತಾನು ಇಲ್ಲವಾಗಿಸಲಾಗದಿದ್ದರೆ ಅದೆಂಥ ಒಡೆತನ ಎಂದು ಯಾರಿಗಾದರೂ ಅನ್ನಿಸೀತು. ವಿಕೇಂದ್ರಿತ ಜಾಲದಲ್ಲಿ ಹುಡುಗ ಬರೆದ ಒಂದು ಸಾಲು ಅವನನ್ನು ಹಿಂಬಾಲಿಸುವವರ ಸರ್ವರುಗಳಿಗೆಲ್ಲ ನಕಲಾಗಿ ಹೋಗುತ್ತದೆ. ಅವನು ಅಳಿಸಿದರೆ ಆ ಸರ್ವರುಗಳಿಗೆ ‘ದಯವಿಟ್ಟು ಅಳಿಸಿರಿ’ ಎಂಬ ಕೋರಿಕೆ ಹೊರಡುತ್ತದೆ. ಹೆಚ್ಚಿನವು ಮನ್ನಿಸುತ್ತವೆ. ಮನ್ನಿಸದಿದ್ದರೆ ಕೇಳುವ ಅಧಿಕಾರಿಯಿಲ್ಲ. ದಣಿಯಿಲ್ಲದ ಊರಿನಲ್ಲಿ ದೂರು ಕೊಡುವುದಾದರೂ ಯಾರಿಗೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದ ಹಿರಿಯರು ಸರ್ವರನ್ನು ಕಂಡವರಲ್ಲ, ಆದರೂ ಸರಿಯಾಗಿಯೇ ಹೇಳಿದರು. 2024ರ ನವೆಂಬರಿನಲ್ಲಿ ಬ್ಲೂಸ್ಕೈಯ 10 ಲಕ್ಷ ಸಾರ್ವಜನಿಕ ಬರಹಗಳನ್ನು ಯಾರನ್ನೂ ಕೇಳದೆ ಒಟ್ಟುಗೂಡಿಸಿ, ಯಂತ್ರಬುದ್ಧಿಯ ಅಭ್ಯಾಸಕ್ಕೆಂದು ಒಂದೆಡೆ ಇಡಲಾಯಿತು. ಗದ್ದಲವೆದ್ದ ಮೇಲೆ ತೆಗೆದರು. ಬೇಲಿಯಿಲ್ಲದ ಕಾವಲಿನಲ್ಲಿ ಎಲ್ಲರ ದನವೂ ಮೇಯಬಹುದು; ಯಾರದೆಂದು ತಿಳಿಯದ ದನವೂ ಮೇಯಬಹುದು.

ಹಾಗಾದರೆ ಎಲ್ಲವನ್ನೂ ಒಂದೇ ಕಡೆ ಇಡುವುದೇ ವಾಸಿಯೇ? ಈ ಪ್ರಶ್ನೆಗೂ ಕರ್ನಾಟಕದಲ್ಲಿ ಒಂದು ಹಳೆಯ ಪಾಠವುಂಟು. ಒಂದು ಕಾಲಕ್ಕೆ ಈ ನಾಡಿನ ಜಮೀನಿನ ದಾಖಲೆಗಳು ಶಾನುಭೋಗರ ದಫ್ತರದಲ್ಲಿದ್ದವು. ಆ ವಂಶಪಾರಂಪರ್ಯದ ಹುದ್ದೆ 1961ರ ಕಾನೂನಿನಿಂದ ರದ್ದಾಯಿತು. ಬಳಿಕ ಗ್ರಾಮಲೆಕ್ಕಿಗರು ಬಂದರು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರು, ಪ್ರತಿಯೊಬ್ಬನ ಬಳಿ ಅವನ ಊರುಗಳ ಪುಸ್ತಕ. ಅದಕ್ಕಿಂತ ವಿಕೇಂದ್ರಿತವಾದ ಜಾಲವನ್ನು ಕಲ್ಪಿಸುವುದು ಕಷ್ಟ. ಆದರೆ ಪಹಣಿಗಾಗಿ ಅವನ ಮನೆಯ ಜಗುಲಿಯಲ್ಲಿ ಕುಳಿತು ಕಾದ ರೈತನನ್ನು ಕೇಳಿದರೆ ಆ ವಿಕೇಂದ್ರೀಕರಣದ ಸುಖ ತಿಳಿಯುತ್ತಿತ್ತು. ಸಣ್ಣ ದಣಿ ದೊಡ್ಡ ದಣಿಗಿಂತ ಒಳ್ಳೆಯವನೇ ಆಗಬೇಕೆಂಬ ನಿಯಮವಿಲ್ಲ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರ ‘ಭೂಮಿ’ ಎಂಬ ಯೋಜನೆಯಲ್ಲಿ 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೈಗೆ ಬಂತು. ಅನೇಕರಿಗೆ ಅದು ಬಿಡುಗಡೆಯೇ. ಆದರೆ ಅದರಲ್ಲಿ ಹಿಡಿದಿಡಲಾಗದ ಒಂದು ವಸ್ತುವಿತ್ತು: ಹೆಸರಿಲ್ಲದವನ ಹಕ್ಕು. ಕಾವಲಿನಲ್ಲಿ ತಲೆತಲಾಂತರದಿಂದ ಮೇಯಿಸಿದವನಿಗೆ ಯಾವ ಪಹಣಿಯಲ್ಲೂ ಹೆಸರಿಲ್ಲದ ಕಾರಣ ಅವನಿಗಾಗಿ ಯಂತ್ರದಲ್ಲಿ ಜಾಗವೂ ಇರಲಿಲ್ಲ. ಒಡೆತನವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಆಗುವ ಅನ್ಯಾಯ ಇದು. ದಾಖಲೆ ಒಂದೆಡೆ ಇರಲಿ, ನೂರೆಡೆ ಇರಲಿ, ಅದರಲ್ಲಿ ಏನನ್ನು ಬರೆಯುತ್ತಾರೆ, ಯಾರನ್ನು ಕೇಳಿ ಬರೆಯುತ್ತಾರೆ ಎಂಬುದೇ ಮುಖ್ಯ.

ಕಾನೂನು ಏನು ಹೇಳುತ್ತದೆ? ಇಲ್ಲಿಯೂ ಕನ್ನಡ ನಾಡಿನ ಒಬ್ಬರನ್ನು ನೆನೆಯಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2024ರಲ್ಲಿ ಅವರು ತೀರಿಕೊಂಡರು. ತೀರ್ಪು ಅವರ ಹೆಸರಿನಲ್ಲೇ ಬಾಳುತ್ತಿದೆ.

ಅದರ ಬೆನ್ನಿಗೆ 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಸಂಸತ್ತು ಕಾಯಿದೆ ಮಾಡಿತು. ಅದರ ನಿಯಮಾವಳಿ 2025ರ ನವೆಂಬರಿನಲ್ಲಿ ಹೊರಬಂದಿತು. ಆ ಕಾಯಿದೆಯ ಒಂದು ವಿಶೇಷವನ್ನು ಗಮನಿಸಬೇಕು: ಅದು ಯಾರನ್ನೂ ದತ್ತಾಂಶದ ಒಡೆಯನೆಂದು ಕರೆಯುವುದಿಲ್ಲ. ದತ್ತಾಂಶ ಯಾರ ಕುರಿತದ್ದೋ ಅವನಿಗೆ ತಿಳಿಯುವ, ತಿದ್ದಿಸುವ, ಅಳಿಸಲು ಕೇಳುವ, ದೂರು ಕೊಡುವ ಹಕ್ಕುಗಳುಂಟು; ತನ್ನ ಕಾಲಾನಂತರ ಆ ಹಕ್ಕುಗಳನ್ನು ಚಲಾಯಿಸಲು ಒಬ್ಬನನ್ನು ನಾಮಕರಣ ಮಾಡುವ ಹಕ್ಕೂ ಉಂಟು. ದತ್ತಾಂಶವನ್ನು ಇಟ್ಟುಕೊಂಡವನನ್ನು ಅದು ಗುರುತಿಸುವುದು ನಂಬಿಕೆಯ ಮೇಲೆ ಇಟ್ಟುಕೊಂಡವನು ಎಂದು. ಆದರೆ ಎರಡು ಕೊರತೆಗಳಿವೆ. ದತ್ತಾಂಶದ ಗಂಟನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು 2019ರ ಮಸೂದೆಯಲ್ಲಿತ್ತು, 2023ರ ಕಾಯಿದೆಯಲ್ಲಿ ಇಲ್ಲ. ಒಬ್ಬನು ತಾನಾಗಿ ಬಹಿರಂಗವಾಗಿ ಪ್ರಕಟಿಸಿದ ವೈಯಕ್ತಿಕ ಮಾಹಿತಿಗೆ ಆ ಕಾಯಿದೆ ಅನ್ವಯಿಸುವುದೂ ಇಲ್ಲ. ಬೀದಿಯಲ್ಲಿ ನಿಂತು ಕೂಗಿದ್ದನ್ನು ಮನೆಯೊಳಗೆ ಕರೆದುಕೊಳ್ಳಲಾಗದು ಎಂಬುದು ಅದರ ನಿಲುವು.

ನಂಬಿಕೆಯ ಮೇಲೆ ಇಟ್ಟುಕೊಳ್ಳುವುದು ಎಂಬ ಮಾತು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಹೊಸದಲ್ಲ. ಅಲ್ಲಿಯ ಮ್ಯಾಸ ನಾಯಕರಲ್ಲಿ ‘ದೇವರ ಎತ್ತು’ಗಳ ಹಿಂಡುಗಳುಂಟು. ಆ ದನಗಳು ಯಾರ ಸ್ವತ್ತೂ ಅಲ್ಲ, ದೇವರ ಹೆಸರಿನವು. ಅವುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಕಾಯುವವನು ಕಿಲಾರಿ. ಒಡೆಯನಲ್ಲ, ಆಳೂ ಅಲ್ಲ. ಬರಗಾಲ ಬಂದರೆ ಮೇವಿಗಾಗಿ ಊರೂರು ಅಲೆಯುವವನು ಅವನೇ. ಅವನು ತಪ್ಪು ಮಾಡಿದರೆ ಕೇಳುವುದು ಇಡೀ ಕಟ್ಟೆಮನೆ. ಹಿಂಡು ಯಾರದೆಂಬ ಪ್ರಶ್ನೆಗಿಂತ ಹಿಂಡಿಗೆ ಯಾರು ಉತ್ತರವಾದಿ ಎಂಬ ಪ್ರಶ್ನೆ ಅಲ್ಲಿ ದೊಡ್ಡದು. ಸರ್ವರನ್ನು ನಡೆಸುವವನು ಒಳ್ಳೆಯ ಕಿಲಾರಿಯಾದರೆ, ಅವನನ್ನು ಕೇಳುವ ಕಟ್ಟೆಮನೆಯೊಂದು ಇದ್ದರೆ, ಒಡೆತನದ ಕಾಗದವಿಲ್ಲದೆಯೂ ದತ್ತಾಂಶ ಸುರಕ್ಷಿತವಾಗಿರುತ್ತದೆ. ಇವೆರಡೂ ಇಲ್ಲದಿದ್ದರೆ ಕಾಗದವಿದ್ದೂ ಫಲವಿಲ್ಲ.

ಮತ್ತೆ ಆ ಹುಡುಗನ ಬಳಿಗೆ ಹೋಗಬಹುದು. ಅವನು ಹಾಕಿದ್ದರಲ್ಲಿ ಅತಿ ಹೆಚ್ಚು ಜನ ಕೇಳಿದ್ದು ತಾತನ ಹಾಡನ್ನು. ಅದು ಯಾರದು? ಮೊಬೈಲ್ ಹುಡುಗನದು, ಕಂಠ ತಾತನದು, ಹಾಡು ಬುಡಕಟ್ಟಿನದು, ಕೆಳಗೆ ಬರೆದ ನೂರು ಮೆಚ್ಚುಗೆಯ ಮಾತುಗಳು ನೂರು ಜನರವು. ಹುಡುಗ ‘ಇದು ನನ್ನ ದತ್ತಾಂಶ’ ಎಂದು ಎತ್ತಿಕೊಂಡು ಹೊರಟರೆ ಅವನ ಕೈಲಿ ಉಳಿಯುವುದು ಎಷ್ಟು? ಹೊಲಕ್ಕೆ ಬದುವಿದೆ, ಮನೆಗೆ ಗೋಡೆಯಿದೆ, ಮಾತಿಗೆ ಬದುವಿಲ್ಲ. ಮಾತು ಇಬ್ಬರ ನಡುವೆ ಹುಟ್ಟುವುದರಿಂದ ಯಾವಾಗಲೂ ಇಬ್ಬರದು. ದತ್ತಾಂಶವನ್ನು ಜಮೀನಿನಂತೆ ಕಾಣುವವರು ಮರೆಯುವುದು ಈ ಸಂಗತಿಯನ್ನು. ಹಾಡನ್ನು ಜಾಲಕ್ಕೆ ಹಾಕುವ ಮುನ್ನ ತಾತನನ್ನು ಒಂದು ಮಾತು ಕೇಳಿದ್ದನೇ ಎಂಬುದು ಅವನ ಪಾಸ್‌ವರ್ಡಿಗಿಂತ ದೊಡ್ಡ ಪ್ರಶ್ನೆ. ತನ್ನನ್ನು ಕೇಳದೆ ಕಂಪನಿ ಹೀಗೆ ಮಾಡಿತೆಂದು ಸಿಟ್ಟಾಗುವವನು ತಾನು ಬೇರೆಯವರನ್ನು ಕೇಳುವುದನ್ನೂ ಕಲಿಯಬೇಕಾಗುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದಕ್ಕೊಂದು ಪುರಾತನ ಸಾಕ್ಷಿಯುಂಟು. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ಸಂದೇಶ ಮೂರು ಬಂಡೆಗಳ ಮೇಲೆ. ಒಂದು ಅಳಿದರೂ ಇನ್ನೊಂದು ಉಳಿಯಲಿ ಎಂದು ನೂರು ಸರ್ವರುಗಳಲ್ಲಿ ನಕಲಿಡುವವರು ಮಾಡುತ್ತಿರುವುದೂ ಇದನ್ನೇ. ಜಟಿಂಗ ರಾಮೇಶ್ವರದ ಬಂಡೆ ಬಹಳ ಸವೆದಿದೆ, ಬ್ರಹ್ಮಗಿರಿಯದನ್ನು ಓದಬಹುದು. ಅದರ ಕೊನೆಯಲ್ಲಿ ಬರೆದವನು ತನ್ನ ಹೆಸರು ಹೇಳಿದ್ದಾನೆ: ಚಪಡ. ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಸಂದೇಶ ದೊರೆಯದು, ಬಂಡೆ ಬೆಟ್ಟದ್ದು, ಓದು ಊರಿನದು. ಅವನದಾಗಿ ಉಳಿದದ್ದು ಈ ಕೆಲಸ ತನ್ನ ಕೈಯದೆಂಬ ಗುರುತು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಬಳಿಕವೂ ಅದನ್ನು ಯಾರೂ ಅವನಿಂದ ಕಿತ್ತುಕೊಂಡಿಲ್ಲ.

ಆದುದರಿಂದ ಹೊಸ ಜಾಲವೊಂದಕ್ಕೆ ಕಾಲಿಡುವವನು ‘ಇಲ್ಲಿ ನನ್ನ ದತ್ತಾಂಶ ನನ್ನದೇ?’ ಎಂದು ಕೇಳಿ, ‘ಹೌದು’ ಎಂಬ ಉತ್ತರದಿಂದ ತೃಪ್ತನಾಗಬಾರದು. ಅದರ ಬದಲು ಚಿಲ್ಲರೆ ಪ್ರಶ್ನೆಗಳನ್ನು ಕೇಳಬೇಕು. ಈ ಕಂಪ್ಯೂಟರನ್ನು ಯಾರು ನಡೆಸುತ್ತಾರೆ, ಅದರ ಖರ್ಚು ಯಾರದು? ಮುಚ್ಚುವ ಮುನ್ನ ಎಷ್ಟು ದಿನ ಮೊದಲು ಹೇಳುತ್ತಾರೆ? ಹೊರಡುವಾಗ ಏನೇನು ಜೊತೆಗೆ ಬರುತ್ತದೆ? ನಿಯಮ ಬದಲಾಯಿಸುವಾಗ ಯಾರನ್ನು ಕೇಳುತ್ತಾರೆ? ಬರೆದದ್ದರ ಒಂದು ಪ್ರತಿ ತನ್ನ ಮನೆಯಲ್ಲೂ ಇದೆಯೇ? ಈ ಪ್ರಶ್ನೆಗಳು ಒಡೆತನದಷ್ಟು ಘನವಾಗಿ ಕೇಳಿಸುವುದಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯಿಂದ ತಪ್ಪಿಸಿಕೊಳ್ಳಲು ಇವಲ್ಲದೆ ಬೇರೆ ಉಪಾಯವಿಲ್ಲ.

ವರವು ಕಾವಲಿನ ಗೋಡೆಯ ಹೊರಗಿನ ಜನಕ್ಕೆ ಇದು ಯಾವ ಪುಸ್ತಕದಿಂದಲೂ ತಿಳಿಯಬೇಕಾಗಿರಲಿಲ್ಲ. ಎಲ್ಲವೂ ತಮ್ಮದಾಗಬೇಕೆಂಬ ಆಸೆ ಅವರಿಗೆ ಇರಲಿಲ್ಲ. ಕೇಳದೆ ಬೇಲಿ ಹಾಕಬಾರದೆಂಬ ಒಂದು ಮಾತು ಸಾಕಾಗಿತ್ತು. ಆ ಮಾತನ್ನು ಪಹಣಿಯಲ್ಲಿ ಬರೆಯಲು ಕಲಂ ಇಲ್ಲದೆ ಹೋಯಿತು. ಈಗ ಕಟ್ಟುತ್ತಿರುವ ಹೊಸ ಬಯಲುಗಳಲ್ಲಾದರೂ ಅದಕ್ಕೊಂದು ಕಲಂ ಇಡಲು ಇನ್ನೂ ಹೊತ್ತು ಮೀರಿಲ್ಲ.